ದಿನ ಎಣಿಸಿದ ವೈದ್ಯ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಹೊಂದಿಸಿ ಬರೆಯುವ ಪ್ರಶ್ನೆಗಳು ಹೊಸತಲ್ಲ. ಎಡಗಡೆ ಸಿಡುಬಿನ ಲಸಿಕೆ, ರೇಬಿಸ್ ಲಸಿಕೆ, ಪೆನಿಸಿಲಿನ್, ಅಲರ್ಜಿ. ಬಲಗಡೆ ಜೆನ್ನರ್, ಪಾಶ್ಚರ್, ಫ್ಲೆಮಿಂಗ್, ಪಿರ್ಕೆ. ಮೊದಲ ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿಯೇ ಕೂಡಿಕೊಳ್ಳುತ್ತದೆ. ಹಾಗಾಗಿ ಈ ಪಿರ್ಕೆ ಯಾರು ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆ. ನಾನೂ ಕೆಡಿಸಿಕೊಂಡಿರಲಿಲ್ಲ. ಒಂದು ಅಂಕ ಬಂತು, ಪುಟ ತಿರುವಿದೆ.

ಒಂದು ಮಧ್ಯಾಹ್ನ ಚಾಮರಾಜನಗರದ ಗ್ರಂಥಾಲಯದಲ್ಲಿ ಓದುತ್ತಾ ಕುಳಿತಿದ್ದಾಗ ಅದೇ ಹೆಸರು ಮತ್ತೆ ಕಣ್ಣಿಗೆ ಬಿತ್ತು. ಈ ಬಾರಿ ಎರಡು ಸಾಲು ವಿವರಣೆಯೂ ಇತ್ತು. ಕಾಯಿಲೆಯ ಮಕ್ಕಳ ಹಾಸಿಗೆ ಪಕ್ಕ ಕುಳಿತು ದಿನ ಲೆಕ್ಕ ಹಾಕುತ್ತಿದ್ದ ವೈದ್ಯ ಎಂದು ಬರೆದಿತ್ತು. ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ನನ್ನ ಅಕ್ಕನ ಮಗ ಇವತ್ತು ಬದುಕಿರುವುದು ಒಬ್ಬ ವೈದ್ಯೆ ಬೆರಳು ಮಡಚಿ ದಿನ ಎಣಿಸಿದ್ದರಿಂದ. ಆ ಲೆಕ್ಕ ಒಂದು ಹಗಲು ತಡವಾಗಿದ್ದು ನನ್ನಿಂದ.

ನಮ್ಮದು ಗುಂಡ್ಲುಪೇಟೆ ಪಕ್ಕದ ಹಳ್ಳಿ. 2020ರಲ್ಲಿ ರಾಜ್ಯವೆಲ್ಲ ಕೊರೊನಾದಿಂದ ನಡುಗುತ್ತಿದ್ದಾಗ ಜೂನ್‌ವರೆಗೂ ಒಂದೂ ಪ್ರಕರಣವಿಲ್ಲದ ಜಿಲ್ಲೆ ನಮ್ಮದು ಎಂದು ನಾವು ಬೀಗಿದ್ದೆವು. ಮರುವರ್ಷದ ಎರಡನೇ ಅಲೆ ಆ ಬೀಗನ್ನೆಲ್ಲ ಇಳಿಸಿತು. 2021ರ ಮೇ ಮೊದಲ ವಾರದಲ್ಲಿ ಆಮ್ಲಜನಕದ ಕೊರತೆಯ ಆ ರಾತ್ರಿಯ ಸುದ್ದಿ ಕೇಳಿದ ಮೇಲಂತೂ ನಮ್ಮ ಕಡೆ ಆಸ್ಪತ್ರೆ ಅಂದರೆ ಜನ ಬೆಚ್ಚುತ್ತಿದ್ದರು. ಅದೇ ತಿಂಗಳು ನಮ್ಮ ಮನೆಯಲ್ಲೂ ಅಪ್ಪ, ಅಮ್ಮ, ಅಕ್ಕ, ನಾನು ಎಲ್ಲರೂ ಕೆಮ್ಮಿದೆವು. ಅಮ್ಮನಿಗೆ ವಾಸನೆ ಹೋಯಿತು. ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಿದರೆ ಬೀದಿಗೆ ಹಗ್ಗ ಕಟ್ಟುತ್ತಾರೆ, ಡೇರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ ಎಂಬ ಭಯ. ಕಷಾಯ ಕುಡಿದು ಮಲಗಿದೆವು. ಆರು ವರ್ಷದ ಹುಡುಗನಿಗೆ ಒಂದು ಸಂಜೆ ಮೈ ಬಿಸಿಯಾಗಿ ಬೆಳಿಗ್ಗೆ ಇಳಿದಿತ್ತು, ಅಷ್ಟೆ. ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಕಾಲ.

ಜೂನ್‌ನಲ್ಲಿ ನಾವೆಲ್ಲ ಚೇತರಿಸಿಕೊಂಡು ಹೊಲಕ್ಕೆ ಹೋಗತೊಡಗಿದ ಮೇಲೆ ಅವನಿಗೆ ಜ್ವರ ಬಂತು. ಇಳಿಯಲೇ ಇಲ್ಲ. ಹೊಟ್ಟೆನೋವು, ವಾಂತಿ, ಕೆಂಡದಂತೆ ಕೆಂಪಾದ ಕಣ್ಣು, ಒಡೆದ ತುಟಿ, ಬೆನ್ನ ಮೇಲೆ ಕೆಂಪು ದದ್ದು. ಒಂದು ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಇರಬಹುದೆಂದು ಮಾತ್ರೆ ಕೊಟ್ಟರು. ಮೂರನೇ ದಿನ ಬಾಡಿಗೆ ಕಾರಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದೆವು. ಅಲ್ಲಿನ ಮಕ್ಕಳ ವೈದ್ಯೆ ಮಗುವನ್ನು ನೋಡಿ ಮೊದಲು ಕೇಳಿದ್ದು, ಹಿಂದಿನ ತಿಂಗಳು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು. ಅಕ್ಕ ನನ್ನ ಮುಖ ನೋಡಿದಳು. ಮನೆಯಲ್ಲಿ ಓದಿದವರು ಅಂದರೆ ನಾನೇ. ಇಲ್ಲ ಎಂದೆ.

ಆ ಒಂದು ಪದವನ್ನು ನಾನು ಈಗಲೂ ಮರೆತಿಲ್ಲ. ರಾತ್ರಿ ಮಗುವಿನ ಕೈಕಾಲು ತಣ್ಣಗಾಗತೊಡಗಿದಾಗ ಓಡಿ ಹೋಗಿ ನಿಜ ಹೇಳಿದೆ. ವೈದ್ಯೆ ಬೈಯಲಿಲ್ಲ. ಯಾವ ದಿನ ಎಂದಷ್ಟೇ ಕೇಳಿದರು. ಬಸವ ಜಯಂತಿಯ ಹಿಂದಿನ ದಿನ ಅಮ್ಮ ಮಲಗಿದ್ದು ನೆನಪಿತ್ತು, ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು. ನಾಲ್ಕು ವಾರ. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ರಕ್ತ ಪರೀಕ್ಷೆ, ಆಂಬುಲೆನ್ಸ್, ಮೈಸೂರು, ಹೃದಯದ ಸ್ಕ್ಯಾನ್. ಎಂಐಎಸ್-ಸಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಸೋಂಕು ಬಂದು ಹೋದ ಎರಡರಿಂದ ಆರು ವಾರಗಳ ನಂತರ ಮಕ್ಕಳ ಹಲವು ಅಂಗಗಳಲ್ಲಿ ಒಟ್ಟಿಗೇ ಕಾಣಿಸಿಕೊಳ್ಳುವ ಉರಿಯೂತ ಅದು. ವೈರಾಣು ಹೊರಟು ಹೋಗಿರುತ್ತದೆ. ಅದರ ವಿರುದ್ಧ ಎದ್ದ ಮೈಯ ಸೈನ್ಯ ಮಾತ್ರ ಕತ್ತಿ ಕೆಳಗಿಡದೆ ಮನೆಯವರ ಮೇಲೆಯೇ ಬೀಸುತ್ತಿರುತ್ತದೆ. ಸೋಂಕು ತಗುಲಿದ ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ನಮ್ಮ ಮನೆಗೆ ಬಂದಿತ್ತು.

ಹುಡುಗ ಉಳಿದ. ಆದರೆ ಒಂದು ಪ್ರಶ್ನೆ ನನ್ನೊಳಗೆ ಉಳಿಯಿತು. ಕಾಯಿಲೆ ಮುಗಿದ ಮೇಲೆ ಕಾಯಿಲೆ ಬರುವುದೆಂದರೆ ಏನು? ಇದನ್ನು ಮೊದಲು ಲೆಕ್ಕ ಹಾಕಿ ನೋಡಿದವರು ಯಾರು? ಅದಕ್ಕೆ ಉತ್ತರ ಹೊಂದಿಸಿ ಬರೆಯುವ ಪಟ್ಟಿಯ ಕೊನೆಯ ಹೆಸರಿನಲ್ಲಿತ್ತು.

ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟಿದ್ದು 1874ರ ಮೇ 12ರಂದು, ಆಸ್ಟ್ರಿಯಾದ ವಿಯೆನ್ನಾ ಬಳಿಯ ಹಿರ್ಷ್‌ಸ್ಟೆಟೆನ್ ಎಂಬಲ್ಲಿ. ಸಿರಿವಂತ ಮನೆತನ. ತಂದೆಗೆ ಬ್ಯಾರನ್ ಪದವಿ, ತಾಯಿ ಬ್ಯಾಂಕ್ ನಡೆಸುವ ಕುಟುಂಬದವರು. ಹುಡುಗ ಮೊದಲು ಹೋಗಿದ್ದು ಇನ್ಸ್‌ಬ್ರುಕ್‌ಗೆ, ದೇವತಾಶಾಸ್ತ್ರ ಓದಲು. ಅದು ಹಿಡಿಸಲಿಲ್ಲ. ಬೆಲ್ಜಿಯಂನ ಲುವೆನ್‌ಗೆ ಹೋಗಿ ತತ್ತ್ವಶಾಸ್ತ್ರ ಓದಿ ಪದವಿ ಪಡೆದರು. ಅದರಲ್ಲೂ ನಿಲ್ಲಲಿಲ್ಲ. ಕೊನೆಗೆ ಹಿಡಿದದ್ದು ವೈದ್ಯಕೀಯ. ಅದನ್ನೂ ವಿಯೆನ್ನಾ, ಕೋನಿಗ್ಸ್‌ಬರ್ಗ್, ಗ್ರಾಜ್ ಎಂದು ಮೂರು ಊರುಗಳಲ್ಲಿ ಓದಿ 1900ರಲ್ಲಿ ಮುಗಿಸಿದರು. ಆಗ ವಯಸ್ಸು 26. ಎರಡು ಸಲ ಕೋರ್ಸ್ ಬದಲಾಯಿಸಿದವರನ್ನು ನಮ್ಮೂರಲ್ಲಿ ಏನೆನ್ನುತ್ತಾರೆಂದು ನಿಮಗೂ ಗೊತ್ತು. ನನಗಂತೂ ಈ ಭಾಗ ಓದಿ ಒಂಥರಾ ಧೈರ್ಯ ಬಂತು.

ಗ್ರಾಜ್‌ನಲ್ಲಿ ಅವರಿಗೆ ಸಿಕ್ಕ ಗುರು ಥಿಯೊಡೋರ್ ಎಷರಿಶ್. ನಾವು ಜೀವಶಾಸ್ತ್ರದಲ್ಲಿ ಓದುವ ಇ-ಕೋಲಿ ಬ್ಯಾಕ್ಟೀರಿಯಾದ ಹೆಸರಿನಲ್ಲಿರುವ ಇ ಅಕ್ಷರ ಅವರದೇ. ಗುರು ವಿಯೆನ್ನಾಕ್ಕೆ ಬಂದಾಗ ಪಿರ್ಕೆಯೂ ಅಲ್ಲಿನ ಸೇಂಟ್ ಆನಾ ಮಕ್ಕಳ ಆಸ್ಪತ್ರೆ ಸೇರಿದರು. ಹಂಗೇರಿಯಿಂದ ಬಂದಿದ್ದ ಬೇಲಾ ಶಿಕ್ ಎಂಬ ಯುವ ವೈದ್ಯ ಅವರ ಜೊತೆಗಾರರಾದರು.

ಅದು ಡಿಫ್ತೀರಿಯಾ ಅಂದರೆ ಗಂಟಲಮಾರಿ ಮಕ್ಕಳನ್ನು ಉಸಿರು ಕಟ್ಟಿಸಿ ಕೊಲ್ಲುತ್ತಿದ್ದ ಕಾಲ. ಜರ್ಮನಿಯ ಬೇರಿಂಗ್ ಅದಕ್ಕೊಂದು ಮದ್ದು ಕಂಡುಹಿಡಿದಿದ್ದರು. ಪ್ರಾಣಿಗಳ ಮೈಯಲ್ಲಿ ಪ್ರತಿವಿಷ ಬೆಳೆಸಿ, ಅವುಗಳ ರಕ್ತದ ತಿಳಿಯನ್ನು ಮಕ್ಕಳಿಗೆ ಚುಚ್ಚುವುದು. ಕುದುರೆಯಿಂದ ತೆಗೆದ ಈ ಸೀರಮ್‌ನಿಂದ ಸಾಯುವ ಮಕ್ಕಳು ಎದ್ದು ಕೂರುತ್ತಿದ್ದರು. ಮೊದಲ ವೈದ್ಯಕೀಯ ನೊಬೆಲ್ 1901ರಲ್ಲಿ ಬೇರಿಂಗ್‌ಗೆ ಸಿಕ್ಕಿದ್ದು ಇದಕ್ಕೇ. ಆದರೆ ಗಂಟಲು ಗುಣವಾಗಿ ಮನೆಗೆ ಹೊರಟ ಕೆಲವು ಮಕ್ಕಳಿಗೆ ಎಂಟು ಹತ್ತು ದಿನ ಕಳೆದ ಮೇಲೆ ಜ್ವರ, ದದ್ದು, ಕೀಲುನೋವು, ಊತ ಬರುತ್ತಿತ್ತು. ಮದ್ದಿನಲ್ಲಿ ಏನೋ ಕಲಬೆರಕೆ ಇದ್ದೀತು ಎಂದು ಕೆಲವರು ಅಂದುಕೊಂಡರು.

ಪಿರ್ಕೆ ಮತ್ತು ಶಿಕ್ ಹಾಗೆ ಅಂದುಕೊಳ್ಳದೆ ಪಟ್ಟಿ ಬರೆಯತೊಡಗಿದರು. ಯಾವ ಮಗುವಿಗೆ ಯಾವ ದಿನ ಸೂಜಿ, ಎಷ್ಟನೆಯ ದಿನ ಜ್ವರ, ಎಷ್ಟನೆಯ ದಿನ ದದ್ದು. ಅದೇ ಮಗುವಿಗೆ ಮತ್ತೊಮ್ಮೆ ಸೀರಮ್ ಕೊಡಬೇಕಾಗಿ ಬಂದರೆ ಆಗ ಎಷ್ಟು ಹೊತ್ತು. ಪಟ್ಟಿ ಬೆಳೆದಂತೆ ಒಂದು ವಿಚಿತ್ರ ಎದ್ದು ಕಂಡಿತು. ಮೊದಲ ಸಲ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ದಿನ ಹಿಡಿದದ್ದು, ಎರಡನೆಯ ಸಲ ಗಂಟೆಗಳಲ್ಲಿ ಅಥವಾ ಮರುದಿನವೇ ಬರುತ್ತಿತ್ತು.

ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಹೀಗೆ: ರೋಗಾಣು ಮೈ ಸೇರಿದ ದಿನಕ್ಕೂ ಕಾಯಿಲೆ ಕಾಣಿಸುವ ದಿನಕ್ಕೂ ನಡುವೆ ಅಂತರ ಇರುವುದು, ರೋಗಾಣು ಬೆಳೆದು ಹೆಚ್ಚಲು ಅಷ್ಟು ಸಮಯ ಬೇಕಾದ್ದರಿಂದ. ಪಿರ್ಕೆ ಇಲ್ಲಿ ನಿಂತು ಯೋಚಿಸಿದರು. ಸೀರಮ್‌ನಲ್ಲಿ ಜೀವಾಣುವೇ ಇಲ್ಲ. ಅದು ಮರಿ ಹಾಕುವುದಿಲ್ಲ, ಬೆಳೆಯುವುದಿಲ್ಲ. ಹಾಗಿದ್ದೂ ಎಂಟು ದಿನ ಏಕೆ ಬೇಕು? ಹೊರಗಿನಿಂದ ಬಂದದ್ದು ಸುಮ್ಮನೆ ಕುಳಿತಿದೆ ಎಂದಮೇಲೆ ಆ ಎಂಟು ದಿನದಲ್ಲಿ ಕೆಲಸ ಮಾಡುತ್ತಿರುವುದು ಮೈಯೇ ಇರಬೇಕು. ಅದು ಉತ್ತರ ಸಿದ್ಧಪಡಿಸಿಕೊಳ್ಳುತ್ತಿದೆ. ಉತ್ತರ ಸಿದ್ಧವಾಗಿ, ಇನ್ನೂ ಉಳಿದಿರುವ ಹೊರಗಿನ ವಸ್ತುವಿಗೆ ಡಿಕ್ಕಿ ಹೊಡೆದ ದಿನ ಕಾಯಿಲೆ ಕಾಣಿಸುತ್ತದೆ. ಎರಡನೆಯ ಸಲ ಉತ್ತರ ಮೊದಲೇ ಗೊತ್ತಿರುವುದರಿಂದ ಬೇಗ ಬರುತ್ತದೆ. ಅಂದರೆ ನಮ್ಮನ್ನು ಕಾಯುವ ಶಕ್ತಿಯೇ ಕೆಲವೊಮ್ಮೆ ನಮ್ಮನ್ನು ಮಲಗಿಸಬಲ್ಲದು.

ಇಂದು ಇದು ಪಿಯುಸಿ ಪಾಠ. ಅಂದು ಇದನ್ನು ಹೇಳುವುದು ಸುಲಭವಿರಲಿಲ್ಲ. 1903ರಲ್ಲಿ ಅವರು ಈ ವಿಚಾರವನ್ನು ಬರೆದು, ಲಕೋಟೆಗೆ ಮುದ್ರೆ ಹಾಕಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಇರಿಸಿದರು. ಆಮೇಲೆ ಮತ್ತೆ ವಾರ್ಡಿಗೆ ಹೋಗಿ ದಿನ ಎಣಿಸಿದರು. 1905ರಲ್ಲಿ ಶಿಕ್ ಜೊತೆಗೂಡಿ ಸೀರಮ್ ಕಾಯಿಲೆಯ ಬಗ್ಗೆ ಪುಸ್ತಕವನ್ನೇ ತಂದರು. 1906ರಲ್ಲಿ ಎರಡು ಗ್ರೀಕ್ ಪದಗಳನ್ನು ಸೇರಿಸಿ, ಬೇರೆ ಬಗೆಯ ಕ್ರಿಯೆ ಎಂಬ ಅರ್ಥ ಬರುವಂತೆ ಒಂದು ಹೊಸ ಪದ ಕಟ್ಟಿದರು. ಅದೇ ಅಲರ್ಜಿ. ಧೂಳಿಗೆ ಸೀನು, ಬದನೆಕಾಯಿಗೆ ತುರಿಕೆ ಎಂಬಷ್ಟಕ್ಕೆ ನಾವದನ್ನು ಇಳಿಸಿದ್ದೇವೆ. ಪಿರ್ಕೆ ಮನಸ್ಸಿನಲ್ಲಿ ಅದು ದೊಡ್ಡ ಪದ. ಒಮ್ಮೆ ಏನನ್ನಾದರೂ ಎದುರಿಸಿದ ಮೈ ಮೊದಲಿನಂತೆ ಉಳಿಯುವುದಿಲ್ಲ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಬದಲಾಗಿರುತ್ತದೆ ಎಂಬುದು ಅದರ ಅರ್ಥ.

ಮೈ ನೆನಪಿಟ್ಟುಕೊಳ್ಳುತ್ತದೆ ಎಂದಾದರೆ ಆ ನೆನಪನ್ನು ಚರ್ಮದ ಮೇಲೆಯೇ ಓದಬಹುದಲ್ಲ ಎಂದು ಅವರಿಗೆ ಹೊಳೆಯಿತು. 1907ರಲ್ಲಿ ಮಕ್ಕಳ ಮುಂಗೈ ಚರ್ಮವನ್ನು ತುಸು ಕೆರೆದು ಕ್ಷಯದ ಟ್ಯೂಬರ್ಕ್ಯುಲಿನ್ ಹನಿ ಹಾಕಿದರು. ಹಿಂದೆಂದೋ ಕ್ಷಯದ ಸೋಂಕು ತಗುಲಿದ್ದ ಮಗುವಿಗೆ ಒಂದೆರಡು ದಿನದಲ್ಲಿ ಅಲ್ಲಿ ಕೆಂಪು ಗುಳ್ಳೆ ಏಳುತ್ತಿತ್ತು. ಹೊರಗೆ ಆರೋಗ್ಯವಾಗಿ ಕಾಣುತ್ತಿದ್ದ ಎಷ್ಟೋ ಮಕ್ಕಳ ಕೈಯಲ್ಲೂ ಗುಳ್ಳೆ ಎದ್ದಿತು. ನಮ್ಮ ಆಸ್ಪತ್ರೆಗಳಲ್ಲಿ ಮಾಡುವ ಮಾಂಟೂ ಪರೀಕ್ಷೆ ಇದರದೇ ಮುಂದಿನ ರೂಪ. ಮರುವರ್ಷ ಇನ್ನೊಂದು ಗಮನಿಸಿದರು. ದಡಾರ ಎದ್ದಿರುವ ದಿನಗಳಲ್ಲಿ ಅದೇ ಮಕ್ಕಳ ಕೈಯಲ್ಲಿ ಗುಳ್ಳೆ ಏಳುತ್ತಲೇ ಇರಲಿಲ್ಲ. ದಡಾರ ಮೈಯ ನೆನಪನ್ನು ಕೆಲ ಕಾಲ ಮಂಕು ಮಾಡುತ್ತದೆ ಎಂಬ ಸುಳಿವು ಅದು. ವೈರಾಣು ಬಂದು ಹೋಗುವ ಅತಿಥಿಯಲ್ಲ, ಮನೆಯ ವ್ಯವಸ್ಥೆಯನ್ನೇ ಅದಲು ಬದಲು ಮಾಡಿ ಹೋಗುತ್ತದೆ ಎಂದು ಮಕ್ಕಳ ವೈದ್ಯರಿಗೆ ಕಲಿಸಿದ ಸುಳಿವು.

ಹೆಸರು ಹರಡಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ತನ್ನ ಮೊದಲ ಮಕ್ಕಳ ವೈದ್ಯಕೀಯ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. 1910ರಲ್ಲಿ ಈಗಿನ ಪೋಲೆಂಡ್‌ನಲ್ಲಿರುವ ಬ್ರೆಸ್ಲೌಗೆ ಬಂದರು. 1911ರಲ್ಲಿ ಗುರು ಎಷರಿಶ್ ತೀರಿಕೊಂಡಾಗ ಅವರ ಪೀಠಕ್ಕೆ ವಿಯೆನ್ನಾ ಇವರನ್ನೇ ಕರೆಯಿತು.

ಮೂರು ವರ್ಷದಲ್ಲಿ ಮಹಾಯುದ್ಧ. ಅದು ಮುಗಿಯುವಷ್ಟರಲ್ಲಿ ವಿಯೆನ್ನಾದ ಮಕ್ಕಳ ಪಕ್ಕೆಲುಬು ಎಣಿಸುವಂತಾಗಿತ್ತು. ಸಂಶೋಧನೆಯ ಉತ್ತುಂಗದಲ್ಲಿದ್ದ ವಿಜ್ಞಾನಿ ಅಡುಗೆಮನೆಗೆ ಇಳಿದರು. ಎಲ್ಲ ಆಹಾರವನ್ನೂ ಹಾಲಿಗೆ ಹೋಲಿಸಿ ಅಳೆಯುವ ನೆಮ್ ಎಂಬ ಲೆಕ್ಕ ತಂದರು. ಒಂದು ಗ್ರಾಂ ಹಾಲಿನ ಪೋಷಣೆ ಒಂದು ನೆಮ್. ಮಗುವಿನ ತೂಕವನ್ನೂ ಕುಳಿತಾಗಿನ ಎತ್ತರವನ್ನೂ ಅಳೆದು ಯಾರಿಗೆ ಮೊದಲು ಊಟ ಬೇಕು ಎಂದು ನಿರ್ಧರಿಸುವ ಸೂತ್ರ ಮಾಡಿದರು. ಅಮೆರಿಕದ ಪರಿಹಾರ ಸಂಸ್ಥೆ ಕಳಿಸಿದ ಧಾನ್ಯ, ಹಾಲು ಅವರ ಉಸ್ತುವಾರಿಯಲ್ಲಿ ಆಸ್ಟ್ರಿಯಾದ ಲಕ್ಷಾಂತರ ಮಕ್ಕಳ ತಟ್ಟೆ ಸೇರಿತು. ಬಿಸಿಯೂಟ ಉಂಡು, ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬೆಳೆದ ನನಗೆ ಈ ಮನುಷ್ಯ ಇಲ್ಲಿ ಇನ್ನೂ ಹತ್ತಿರವಾದರು.

ನೊಬೆಲ್‌ಗೆ ಹಲವು ಬಾರಿ ಹೆಸರು ಹೋಯಿತು, ಬರಲಿಲ್ಲ. ಆಸ್ಟ್ರಿಯಾದ ಅಧ್ಯಕ್ಷ ಸ್ಥಾನಕ್ಕೂ 1928ರಲ್ಲಿ ಅವರ ಹೆಸರು ಕೇಳಿಬಂತು, ಅದೂ ಆಗಲಿಲ್ಲ. ಮನೆಯವರಿಗೆ ಇಷ್ಟವಿಲ್ಲದೆ ಆದ ಮದುವೆ. ಪತ್ನಿ ಮರಿಯಾ ಅವರ ಆರೋಗ್ಯ ಸರಿಯಿರಲಿಲ್ಲ. ಊರಿನ ಮಕ್ಕಳನ್ನೆಲ್ಲ ನೋಡಿಕೊಂಡವರಿಗೆ ಸ್ವಂತ ಮಕ್ಕಳಿರಲಿಲ್ಲ. 1929ರ ಫೆಬ್ರವರಿ 28ರಂದು ಗಂಡ ಹೆಂಡತಿ ಇಬ್ಬರೂ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಪಿರ್ಕೆಗೆ 54 ವರ್ಷ.

ಈ ಸಾಲನ್ನು ಬಿಟ್ಟುಬಿಡೋಣ ಎಂದು ಒಮ್ಮೆ ಅನಿಸಿತು. ಆದರೆ ಮುಚ್ಚಿಟ್ಟ ಒಂದು ಪದ ಏನು ಮಾಡಬಲ್ಲದು ಎಂದು ಕಂಡವನು ನಾನು. ಸಾವಿರಾರು ಮಕ್ಕಳ ಮೈ ಓದಿದವರ ಒಳಗೆ ಏನಿತ್ತೆಂದು ಸುತ್ತಲಿನವರಿಗೆ ಗೊತ್ತಾಗಲಿಲ್ಲ. ಫಲಿತಾಂಶ, ನೇಮಕಾತಿ, ವಯಸ್ಸಿನ ಮಿತಿ ಎಂದು ದಿನ ಎಣಿಸುತ್ತಿರುವ ನಮ್ಮಲ್ಲೂ ಎಷ್ಟೋ ಜನ ಒಳಗಿನದನ್ನು ಹೇಳದೆ ನಗುತ್ತಿರುತ್ತೇವೆ. ಯಾರಿಗಾದರೂ ಹೇಳಿ. ಮನೆಯವರಿಗೆ ಆಗದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪಿರ್ಕೆ ಹೋದ ಮೇಲೂ ಅವರ ಲೆಕ್ಕ ನಿಲ್ಲಲಿಲ್ಲ. 1967ರಲ್ಲಿ ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ ಇಳಿಯದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ದದ್ದು ಇದ್ದ 50 ಮಕ್ಕಳ ವಿವರ ಪ್ರಕಟಿಸಿದರು. 2020ರ ಏಪ್ರಿಲ್‌ನಲ್ಲಿ ಬ್ರಿಟನ್‌ನ ವೈದ್ಯರು ಅದನ್ನೇ ಹೋಲುವ ಮಕ್ಕಳನ್ನು ಕಂಡು ಎಚ್ಚರಿಕೆ ಕೊಟ್ಟರು. ಎಷ್ಟೋ ಮಕ್ಕಳ ಮೂಗಿನಲ್ಲಿ ಆಗ ವೈರಾಣುವೇ ಸಿಗುತ್ತಿರಲಿಲ್ಲ, ರಕ್ತದಲ್ಲಿ ಪ್ರತಿಕಾಯ ಮಾತ್ರ ಇತ್ತು. ಮೈ ಹೀಗೆ ಏಕೆ ಕೆರಳುತ್ತದೆ ಎಂಬುದರ ಪೂರ್ತಿ ವಿವರ ಇನ್ನೂ ಬಿಡಿಸಲಾಗುತ್ತಿದೆ. ಆದರೆ ವೈರಾಣುವನ್ನು ಹುಡುಕುವುದಕ್ಕಿಂತ ದಿನಗಳನ್ನು ಎಣಿಸುವುದು ಇಲ್ಲಿ ಮುಖ್ಯ ಎಂಬ ದಾರಿ ಹಳೆಯದೇ.

ನಮ್ಮ ಹುಡುಗನಿಗೆ ಮೈಸೂರಿನಲ್ಲಿ ಕೊಟ್ಟದ್ದು ಎರಡು ಮದ್ದು. ಒಂದು, ಕೆರಳಿದ ಸೈನ್ಯವನ್ನು ತಣಿಸುವ ಸ್ಟೀರಾಯ್ಡ್. ಇನ್ನೊಂದು ಇಮ್ಯುನೊಗ್ಲಾಬುಲಿನ್, ಸಾವಿರಾರು ಜನ ಕೊಟ್ಟ ರಕ್ತದ ತಿಳಿಯಿಂದ ಬೇರ್ಪಡಿಸಿದ ಪ್ರತಿಕಾಯ. ಕುದುರೆಯ ಸೀರಮ್‌ನ ಜಾಗದಲ್ಲಿ ಈಗ ಮನುಷ್ಯರದು. ಬಾಟಲಿಯಿಂದ ಹನಿ ಹನಿಯಾಗಿ ಅದು ಇಳಿಯುವುದನ್ನು ಅಕ್ಕ ರಾತ್ರಿಯಿಡೀ ನೋಡುತ್ತಾ ಕುಳಿತಿದ್ದಳು. ಮರುದಿನ ಜ್ವರ ಇಳಿಯಿತು. ಒಂಬತ್ತನೆಯ ದಿನ ಮನೆಗೆ ಬಂದ. ಮುಂದಿನ ಕೆಲವು ತಿಂಗಳು ಹೃದಯದ ಸ್ಕ್ಯಾನಿಗೆ ಹೋಗಿ ಬರುತ್ತಿದ್ದೆವು. ಕೊನೆಯ ಸಲ ಎಲ್ಲ ಸರಿಯಿದೆ ಎಂದರು. ಈ ಕಾಯಿಲೆ ಬಂದ ಹೆಚ್ಚಿನ ಮಕ್ಕಳು, ಹೊತ್ತಿಗೆ ಚಿಕಿತ್ಸೆ ಸಿಕ್ಕರೆ, ಹೀಗೆಯೇ ಚೇತರಿಸಿಕೊಳ್ಳುತ್ತಾರೆ.

ಎಂಐಎಸ್-ಸಿ ಈಗ ಮತ್ತೂ ಅಪರೂಪ. ಆದರೆ ತಡವಾಗಿ ಬರುವ ಕಾಯಿಲೆ ಅದೊಂದೇ ಅಲ್ಲ. ಬ್ಯಾಕ್ಟೀರಿಯಾದಿಂದ ಬರುವ ಸಾಮಾನ್ಯ ಗಂಟಲುನೋವು ಮಾಯ್ದ ಎರಡು ಮೂರು ವಾರಕ್ಕೆ ಕೆಲವು ಮಕ್ಕಳಲ್ಲಿ ಕೀಲು ಊದಿ, ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ದಡಾರ ಬಂದ ಎಷ್ಟೋ ವರ್ಷಗಳ ನಂತರ ಅಪರೂಪಕ್ಕೆ ಮಿದುಳಿನಲ್ಲಿ ಉರಿಯೂತ ಕಾಣಿಸುತ್ತದೆ. ಅದನ್ನು ತಡೆಯಲು ಒಂಬತ್ತು ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಹಾಕಿಸುವ ಲಸಿಕೆ ಇದೆ. ಮಗುವಿಗೆ ಜ್ವರ ಮೂರು ದಿನಕ್ಕೂ ಬಿಡದೆ, ಕಣ್ಣು ಕೆಂಪಾಗಿ, ಹೊಟ್ಟೆನೋವು ದದ್ದು ಕಂಡರೆ, ಅಥವಾ ಕೈಕಾಲು ತಣ್ಣಗಾಗಿ ಮಂಕಾದರೆ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ಹೋದಾಗ ಹಿಂದಿನ ಒಂದೆರಡು ತಿಂಗಳಲ್ಲಿ ಮನೆಯಲ್ಲಿ ಯಾರಿಗೆ ಏನಾಗಿತ್ತು, ಯಾವ ದಿನ ಎಂಬುದನ್ನು ಕೇಳುವ ಮೊದಲೇ ಹೇಳಿ. ಮನೆಯಲ್ಲಿ ಓದಿದವರು ನೀವೇ ಆಗಿದ್ದರೆ ಇದು ನಿಮ್ಮ ಕೆಲಸ.

ನಮ್ಮ ಮನೆಯ ಬಾಗಿಲ ಪಕ್ಕ ಈಗ ಒಂದು ಕ್ಯಾಲೆಂಡರ್ ಇದೆ. ಹಬ್ಬ, ಏಕಾದಶಿ, ಡೇರಿ ಬಿಲ್ಲಿನ ನಡುವೆ ಯಾರಿಗೆ ಜ್ವರ ಬಂದರೂ ಆ ದಿನಕ್ಕೊಂದು ಸುತ್ತು ಹಾಕುತ್ತೇನೆ. ಅಕ್ಕನ ಮಗನಿಗೆ ಈಗ ಅದೊಂದು ಆಟ. ಕಳೆದ ವಾರ ನನಗೆ ನೆಗಡಿಯಾದಾಗ ಪೆನ್ನು ಹಿಡಿದು ಅವನೇ ಬಂದು ಸುತ್ತು ಹಾಕಿ, ಚೆಂಡುಹೂವಿನ ಹೊಲದ ಕಡೆ ಓಡಿದ.